ಎಡಗೈ ಗಂಟು

ಬ್ಲೌಸಿಗೆ ಅಳತೆ ಕೊಡುವವರು ಉಸಿರು ಬಿಗಿಹಿಡಿಯುತ್ತಾರೆ.
ಈ ರೆಕ್ಕೆ ಹಾಗೇನೂ ಮಾಡಲಿಲ್ಲ.
ಚಿಕಲಿಯ ಶೆಡ್ಡಿನಲ್ಲಿ, ಎರಡು ಮರದ ಕುದುರೆಗಳ ಮೇಲೆ
ಪಕ್ಕೆಲುಬು ತೋರಿಸಿಕೊಂಡು ಮಲಗಿತ್ತು.
ಹದಿನೇಳು. ಎಣಿಸಿದೆ.
‘ಎಷ್ಟು ಮೀಟರು ಬೇಕು ಹೇಳು, ಬಾಯಿ’ ಅಂದ ಎವರಿಸ್ತೊ,
ನೌಕಾದಳದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಸ್ಪ್ಯಾನರು ಹಿಡಿದವನು,
ಈಗಲೂ ಉಣ್ಣುವ ಮೊದಲು ಸೀಮೆಎಣ್ಣೆಯಲ್ಲೇ ಕೈ ತೊಳೆಯುವವನು.

ಇಟಲಿಯದಂತೆ. ಯುದ್ಧದ್ದಂತೆ.
ನೀರಿನ ಮೇಲೆ ಇಳಿಯುವ ಎರಡೇ ಸೀಟಿನ ವಿಮಾನ.
ಮುರಗಾಂವ್ ಬಂದರಿನಲ್ಲಿ ಲಂಗರು ಹಾಕಿ, ಮುಂದೆ ಹೋಗಲಾರದೆ
ತುಕ್ಕು ಹಿಡಿದ ಒಂದು ಹಡಗಿನ ಹೊಟ್ಟೆಯಲ್ಲಿ
ಬಿಚ್ಚದ ಪೆಟ್ಟಿಗೆಗಳಾಗಿ ಇತ್ತಂತೆ.
ಎವರಿಸ್ತೊನ ಅಪ್ಪ ಹರಾಜಿನಲ್ಲಿ ಹಿಡಿದದ್ದು, ಸೌದೆಗೆಂದು.
ಹಲಗೆಗಳು ಒಲೆಗೆ ಹೋದವು.
ಒಂದು ರೆಕ್ಕೆ ಹಂದಿಗೂಡಿನ ಮಾಡಾಗಿ ಗೆದ್ದಲು ತಿಂದಿತು.
ಇನ್ನೊಂದು, ಇದು, ಅಟ್ಟ ಸೇರಿತು;
ಬಾತುಕೋಳಿಯೊಂದು ಇದರೊಳಗೆ ಕಾವಿಗೆ ಕೂತಿತ್ತಂತೆ.
ನಾನು ನಕ್ಕೆ. ಅವನು ನಗಲಿಲ್ಲ.

ಮೊದಲು ಹಳೇ ಬಟ್ಟೆ ತೆಗೆಯಬೇಕಿತ್ತು.
ಅದರ ಮೇಲೊಂದು ದುಂಡು ಗುರುತು, ಒಳಗೆ ಮೂರು...
‘ಕಸಬರಿಗೆಯೇ?’ ಅಂದೆ.
‘ಕೋಲಿನ ಕಟ್ಟು. ಪಕ್ಕಕ್ಕೆ ಕೊಡಲಿ.
ಊರೂರು ಬಡಿಯುತ್ತ ಹೋದವರ ಮುದ್ರೆ.’
ಪುಣೆಯಿಂದ ಬಂದ ಸಂಗ್ರಹಾಲಯದ ಹುಡುಗ ಚಿತ್ರಾವ್
ಹೊಸ ಬಟ್ಟೆಯ ಮೇಲೂ ಅದನ್ನು ಬರೆಯಲೇಬೇಕು,
ಇದ್ದದ್ದು ಇದ್ದ ಹಾಗೆ, ಅಂದ.
ಉಳಿಸುವುದು ಬೇರೆ, ಮತ್ತೆ ಬರೆಯುವುದು ಬೇರೆ, ಅಂದ ಎವರಿಸ್ತೊ.
ಮಧ್ಯಾಹ್ನವಿಡೀ ಇದೇ. ಚಹಾ ಆರಿತು.
ನಾನು ಬ್ಲೇಡು ತಗೊಂಡು, ಸುತ್ತ ಒಂದು ಗೇಣು ಬಿಟ್ಟು
ಚೌಕವಾಗಿ ಕತ್ತರಿಸಿ, ಮಡಿಸದೆ,
ಕೋರ್ಟಿಗೆ ಒಯ್ಯುವ ಕಾಗದದ ಹಾಗೆ ಸುರುಳಿ ಸುತ್ತಿಟ್ಟೆ.
ಇಬ್ಬರೂ ಸುಮ್ಮನಾದರು.

ಆಮೇಲೆ ಕಂಡದ್ದು ಒಳಗಿನ ದಾರ.
ಪಕ್ಕೆಲುಬಿಗೆ ಬಟ್ಟೆ ಕಟ್ಟಿದ ಹೊಲಿಗೆ,
ಜೇನುಮೇಣ ತಿಕ್ಕಿದ್ದು, ಎರಡೂವರೆ ಇಂಚಿಗೊಂದು ಗಂಟು.
ಒಂಬತ್ತನೆಯದರ ತನಕ ಗಂಟೆಲ್ಲ ಬಲಕ್ಕೆ ವಾಲಿ,
ಹತ್ತರಿಂದ ಎಡಕ್ಕೆ.
ಪಾಳಿ ಬದಲಾಗಿದೆ. ಕೈ ಬದಲಾಗಿದೆ.
ಎಡಗೈಯವಳು.
ಎಡಗೈಯವನೂ ಇರಬಹುದು; ನನಗೆ ಅವಳೇ.

ಗದಗಿನಲ್ಲಿ ಸೋದರತ್ತಿ ಬಸಲಿಂಗವ್ವ
ನಾನು ಎಡಗೈಲಿ ಸೂಜಿ ಹಿಡಿದರೆ ಗಜಕಡ್ಡಿಯಿಂದ ಗಿಣ್ಣಿಗೆ ಹೊಡೆಯುತ್ತಿದ್ದಳು,
‘ಎಡಚೀ, ಹೊಲಿಗಿ ಹಿಂದಮುಂದ ಆಗತೈತಿ.’
ಆಗಲಿ ಅತ್ತಿ.
ಹಿಂದಮುಂದಾದದ್ದು ಎಂಬತ್ತು ವರ್ಷ ತಾಳೇತಿ, ನೋಡು,
ಅಟ್ಟದ ಸೆಕೆ, ಉಪ್ಪುಗಾಳಿ, ಬಾತಿನ ಹಿಕ್ಕೆ, ಎಲ್ಲ ನುಂಗಿ.

ಈಗ ರೆಕ್ಕೆ ಮುಗಿದಿದೆ. ಡೋಪು ಹಚ್ಚಿದ ದಿನ
ಶೆಡ್ಡಿನ ತುಂಬ ಉಗುರುಬಣ್ಣದ ವಾಸನೆ;
ಜೋಲುತ್ತಿದ್ದ ಬಟ್ಟೆ ಒಣಗುತ್ತ ತಾನೇ ಬಿಗಿದುಕೊಂಡಿತು.
ಬೆರಳಿಂದ ತಟ್ಟಿದರೆ, ಹೋಳಿಯಲ್ಲಿ ಬೆಂಕಿಗೆ ಕಾಸಿದ ಹಲಗಿ.
ಹಾರುವುದಿಲ್ಲ ಇದು. ಎಂಜಿನ್ನೇ ಸಿಕ್ಕಿಲ್ಲ,
ಮೂಗಿನೊಳಗೆ ತೂಕಕ್ಕೆ ಸಿಮೆಂಟು ಗಟ್ಟಿ ಇಡುತ್ತಾರಂತೆ.

ಹೊಲಿಯುವಾಗಿನ ಒಂದು ಮಾತು ಬಿಟ್ಟುಹೋಯಿತು.
ಮೊಳದುದ್ದ ಸೂಜಿ ಮೇಲಿಂದ ಇಳಿಸುವವಳು ನಾನು,
ಕೆಳಗೆ ಬೆನ್ನ ಮೇಲೆ ಮಲಗಿ ವಾಪಸು ಚುಚ್ಚುವವನು ಎವರಿಸ್ತೊ.
ಮುಖ ಕಾಣದು. ‘ಬಂತು.’ ‘ಹೋಯಿತು.’
ಹೀಗೆ ಹನ್ನೊಂದು ದಿನ.
ಅದಿರು ಲಾರಿಗಳ ಕೆಂಪು ಧೂಳು ಲಿನನ್ನಿನ ಮೇಲೆ; ದಿನಾ ಒರೆಸಿ ಶುರು.
ದಾಬೋಳಿಯಿಂದ ಏರಿದವು ತಗಡು ನಡುಗಿಸಿ ಹೋಗುತ್ತಿದ್ದವು.
ಒಂಬತ್ತರ ತನಕ ನಾನೂ ಬಲಗೈಲೇ ಹೊಲಿದೆ,
ಹೊಡೆದು ಕಲಿಸಿದ ಹಾಗೆ.
ಹತ್ತಕ್ಕೆ
ಸೂಜಿ ತಾನೇ ದಾಟಿಕೊಂಡಿತು.

ಕೆಳಗಿನಿಂದ ದನಿ:
‘ಬಾಯಿ, ಎಳೆತ ಬೇರೆ ಬರ್ತಿದೆಯಲ್ಲ. ಯಾರು ಮೇಲೆ?’
‘ಪಾಳಿ ಬದಲಾಯಿತು,’ ಅಂದೆ,
ದಾರಕ್ಕೆ ಇನ್ನಷ್ಟು ಮೇಣ ತಿಕ್ಕುತ್ತ.